ಕ್ಲಾಸ್ಟ್ರಿಡಿಯಂ ಎಲ್ಲ ಕೋಳಿಯಲ್ಲೂ ಇದೆ, ಕರುಳು ಕೊಳೆಯುವುದು ಯಾವಾಗ?

ಪ್ರಶ್ನೆ: ಮೂರು ಸಾವಿರ ಬ್ರಾಯ್ಲರ್ ಸಾಕುತ್ತೇನೆ. 21ನೇ ದಿನದವರೆಗೂ ಚೆನ್ನಾಗಿದ್ದ ಬ್ಯಾಚಿನಲ್ಲಿ ಈಗ ದಿನಕ್ಕೆ ಹತ್ತು ಹದಿನೈದು ಕೋಳಿ ಸಾಯುತ್ತಿವೆ. ಸಂಜೆ ಮೇಯುತ್ತಿದ್ದದ್ದು ಬೆಳಿಗ್ಗೆ ಸತ್ತು ಬಿದ್ದಿರುತ್ತದೆ. ಡಾಕ್ಟರು ಕೊಯ್ದು ನೋಡಿ ನೆಕ್ರೋಟಿಕ್ ಎಂಟರೈಟಿಸ್, ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾದ ವಿಷದಿಂದ ಬರುವ ರೋಗ ಎಂದರು. ಆ ಬ್ಯಾಕ್ಟೀರಿಯಾ ಆರೋಗ್ಯವಾಗಿರುವ ಕೋಳಿಯ ಕರುಳಲ್ಲೂ ಇರುತ್ತದಂತೆ. ಹಾಗಿದ್ದ ಮೇಲೆ ಈಗಷ್ಟೇ ಯಾಕೆ ಕೊಲ್ಲುತ್ತಿದೆ? ಆ ವಿಷ ಕರುಳಿಗೆ ಏನು ಮಾಡುತ್ತದೆ? ಪ್ರತಿ ಬ್ಯಾಚಿಗೂ ಮೊದಲೇ ಆ್ಯಂಟಿಬಯಾಟಿಕ್ ಹಾಕಿಬಿಟ್ಟರೆ ಆಗದೇ?

ಉತ್ತರ: ಡಾಕ್ಟರು ನೀರಿಗೆ ಹಾಕುವ ಔಷಧ ಬರೆದುಕೊಟ್ಟಿದ್ದರೆ ಇದನ್ನು ಪೂರ್ತಿ ಓದುವವರೆಗೂ ಕಾಯಬೇಡಿ, ಇವತ್ತೇ ಶುರು ಮಾಡಿ. ಈ ರೋಗದಲ್ಲಿ ಒಂದು ದಿನ ತಡವಾದರೂ ನಷ್ಟ ಬೆಳೆಯುತ್ತದೆ. ಔಷಧದ ಲೆಕ್ಕ ಕೆಳಗೆ ಕೊಟ್ಟಿದ್ದೇವೆ. ಆದರೆ ನೀವು ಕೇಳಿದ ಎರಡನೇ ಪ್ರಶ್ನೆ, ಅಂದರೆ ವಿಷ ಏನು ಮಾಡುತ್ತದೆ ಎಂಬುದು, ತುಂಬ ಮುಖ್ಯವಾದದ್ದು. ಅದು ಅರ್ಥವಾದರೆ ಉಳಿದೆರಡಕ್ಕೂ ಉತ್ತರ ತಾನಾಗಿಯೇ ಸಿಗುತ್ತದೆ.

ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ವಿಷ ತಯಾರಿಸುವ ತಳಿಗಳಿವೆ. ಯಾವ ತಳಿಯಲ್ಲಿ ಯಾವ ವಿಷ ಎಂಬುದನ್ನು ನೋಡಿ ಅವನ್ನು ಎ ಯಿಂದ ಇ ವರೆಗೆ ಐದು ವಿಧವಾಗಿ ವಿಂಗಡಿಸಿದ್ದರು. 2018ರಲ್ಲಿ ಎಫ್ ಮತ್ತು ಜಿ ಸೇರಿ ಏಳಾದವು. ನಿಮ್ಮ ಶೆಡ್ಡಿನ ರೋಗಕ್ಕೆ ಕಾರಣವಾಗುವ ತಳಿಯನ್ನು ಹಿಂದೆ ಎ ವಿಧಕ್ಕೇ ಸೇರಿಸುತ್ತಿದ್ದರು, ಈಗ ಅದು ಜಿ. ಎ ವಿಧದಲ್ಲಿ ಆಲ್ಫಾ ಟಾಕ್ಸಿನ್ ಇರುತ್ತದೆ. ಜಿ ವಿಧದಲ್ಲಿ ಆಲ್ಫಾ ಟಾಕ್ಸಿನ್ ಜೊತೆಗೆ ನೆಟ್‌ಬಿ ಎಂಬ ಇನ್ನೊಂದು ವಿಷವೂ ಇರುತ್ತದೆ. ಆರೋಗ್ಯವಾಗಿರುವ ಕೋಳಿಯ ಕರುಳಲ್ಲಿ ಹೆಚ್ಚಾಗಿ ಸಿಗುವುದು ನೆಟ್‌ಬಿ ಇಲ್ಲದ ತಳಿಗಳು, ಅದೂ ಸ್ವಲ್ಪ ಸ್ವಲ್ಪ, ಹಲವು ಬಗೆಯವು. ರೋಗ ಬಂದ ಕೋಳಿಯ ಕರುಳಲ್ಲಿ ಸಾಮಾನ್ಯವಾಗಿ ಒಂದೇ ತಳಿ ಉಳಿದದ್ದನ್ನೆಲ್ಲ ಬದಿಗೊತ್ತಿ ತುಂಬಿಕೊಂಡಿರುತ್ತದೆ. ಹಾಗಾಗಿ ‘ಎಲ್ಲ ಕೋಳಿಯಲ್ಲೂ ಇದೆ’ ಎಂಬ ಮಾತು ಸರಿ, ಆದರೆ ಅರ್ಧ ಮಾತ್ರ ಸರಿ. ನೆಟ್‌ಬಿ ಇರುವ ತಳಿ ಕೂಡ ಕೆಲವು ಆರೋಗ್ಯವಂತ ಕೋಳಿಗಳಲ್ಲಿ ಸಿಗುತ್ತದೆ. ತಳಿ ಇದ್ದ ಮಾತ್ರಕ್ಕೆ ರೋಗ ಬರುವುದಿಲ್ಲ, ಅದಕ್ಕೆ ಬೆಳೆಯಲು ಅನುಕೂಲ ಸಿಗಬೇಕು.

ಈ ರೋಗವನ್ನು ಮೊದಲು ವಿವರಿಸಿದ್ದು ಇಂಗ್ಲೆಂಡಿನ ಪ್ಯಾರಿಶ್, 1961ರಲ್ಲಿ. ಅಲ್ಲಿಂದ ಮುಂದೆ ಹಲವು ದಶಕ ಎಲ್ಲರೂ ಆಲ್ಫಾ ಟಾಕ್ಸಿನ್ನೇ ಕಾರಣ ಎಂದು ನಂಬಿದ್ದರು. ನಂಬಲು ಕಾರಣವೂ ಇತ್ತು, ಆ ಬ್ಯಾಕ್ಟೀರಿಯಾ ಯಥೇಚ್ಛವಾಗಿ ಸುರಿಸುವ ವಿಷ ಅದು. 2006ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ರೋಗ ತರುವ ಒಂದು ತಳಿಯಿಂದ ಆಲ್ಫಾ ಟಾಕ್ಸಿನ್ನಿನ ಜೀನನ್ನು ಕೆಡಿಸಿ, ಆ ಬ್ಯಾಕ್ಟೀರಿಯಾವನ್ನು ಕೋಳಿಗಳಿಗೆ ಕೊಟ್ಟರು. ಕರುಳು ಮುಂಚಿನಂತೆಯೇ ಕೊಳೆಯಿತು. ಅದೇ ತಂಡ 2008ರಲ್ಲಿ ನೆಟ್‌ಬಿಯನ್ನು ಕಂಡುಹಿಡಿಯಿತು. ನೆಟ್‌ಬಿ ಜೀನನ್ನು ಕೆಡಿಸಿದಾಗ ರೋಗ ಬರಲಿಲ್ಲ, ಜೀನನ್ನು ಮತ್ತೆ ಸೇರಿಸಿದಾಗ ರೋಗವೂ ಮರಳಿತು. ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಸಿಗುವುದು ಅಪರೂಪ. ನೆಟ್‌ಬಿ ಇಲ್ಲದ ತಳಿಗಳಿಂದಲೂ ಕೆಲವೊಮ್ಮೆ ಈ ರೋಗ ವರದಿಯಾಗಿದೆ ನಿಜ, ಆದರೆ ಫಾರಂಗಳಲ್ಲಿ ಕಾಣುವ ದೊಡ್ಡ ಪಾಲಿನ ಹಿಂದೆ ಇರುವುದು ನೆಟ್‌ಬಿ.

ನೆಟ್‌ಬಿ ಏನು ಮಾಡುತ್ತದೆ ಎಂಬುದನ್ನು ಒಂದು ಜೀವಕೋಶದ ಮಟ್ಟದಲ್ಲೇ ನೋಡೋಣ. ಸಣ್ಣ ಕರುಳಿನ ಒಳಮೈಯಲ್ಲಿ ವಿಲ್ಲೈ ಎಂಬ ಸಣ್ಣ ಸಣ್ಣ ಎಳೆಗಳು ಒತ್ತೊತ್ತಾಗಿ ನಿಂತಿರುತ್ತವೆ. ಅದರ ಮೇಲೆ ಒಂದೇ ಸಾಲಿನ ಜೀವಕೋಶಗಳ ಹೊದಿಕೆ. ಆಹಾರ ಹೀರುವ ಕೆಲಸ ಇವುಗಳದ್ದೇ. ಪ್ರತಿ ಜೀವಕೋಶದ ಸುತ್ತ ಕೊಬ್ಬಿನ ಅಣುಗಳಿಂದಾದ ತೆಳ್ಳನೆಯ ಪೊರೆ ಇದೆ. ಈ ಪೊರೆಯ ಒಳಗಡೆ ಪೊಟ್ಯಾಸಿಯಂ ಹೆಚ್ಚು, ಹೊರಗಡೆ ಸೋಡಿಯಂ ಮತ್ತು ಕ್ಯಾಲ್ಸಿಯಂ ಹೆಚ್ಚು. ಈ ವ್ಯತ್ಯಾಸವನ್ನು ಕಾಪಾಡಿಕೊಳ್ಳಲು ಜೀವಕೋಶ ಸದಾ ಶಕ್ತಿ ಖರ್ಚು ಮಾಡುತ್ತಿರುತ್ತದೆ. ವ್ಯತ್ಯಾಸ ಹೋಯಿತೆಂದರೆ ಜೀವಕೋಶ ಹೋಯಿತು.

ನೆಟ್‌ಬಿ ಸುಮಾರು 33 ಕಿಲೋಡಾಲ್ಟನ್ ತೂಕದ ಸಣ್ಣ ಪ್ರೋಟೀನು. ಬ್ಯಾಕ್ಟೀರಿಯಾದಿಂದ ಹೊರಬರುವಾಗ ಬಿಡಿಬಿಡಿಯಾಗಿ, ನೀರಿನಲ್ಲಿ ಕರಗಿದ ರೂಪದಲ್ಲಿ ಇರುತ್ತದೆ. ಆ ಸ್ಥಿತಿಯಲ್ಲಿ ಅದರಿಂದ ತೊಂದರೆಯಿಲ್ಲ. ಕರುಳಿನ ಜೀವಕೋಶದ ಪೊರೆಗೆ ಅಂಟಿದ ಮೇಲೆ, ಅದರಲ್ಲೂ ಕೊಲೆಸ್ಟ್ರಾಲ್ ಹೆಚ್ಚಿರುವ ಕಡೆ, ಏಳು ಅಣುಗಳು ಒಂದಕ್ಕೊಂದು ಸೇರಿ ಉಂಗುರವಾಗುತ್ತವೆ. ಆಮೇಲೆ ಪ್ರತಿಯೊಂದು ಅಣುವೂ ತನ್ನೊಳಗೆ ಮಡಚಿಟ್ಟುಕೊಂಡಿದ್ದ ಎರಡು ಎಳೆಗಳನ್ನು ಕೆಳಕ್ಕೆ ಚಾಚುತ್ತದೆ. ಹೀಗೆ ಹದಿನಾಲ್ಕು ಎಳೆ ಸೇರಿ ಒಂದು ಕೊಳವೆಯಾಗಿ ಪೊರೆಯನ್ನು ಆಚೆಯಿಂದ ಈಚೆಗೆ ತೂರುತ್ತದೆ. ಇದು ಮುಚ್ಚದ ರಂಧ್ರ. ಒಳಗಿನ ಪೊಟ್ಯಾಸಿಯಂ ಹೊರಕ್ಕೆ, ಹೊರಗಿನ ಸೋಡಿಯಂ ಮತ್ತು ಕ್ಯಾಲ್ಸಿಯಂ ಒಳಕ್ಕೆ ಹರಿಯುತ್ತವೆ. ಅವುಗಳ ಹಿಂದೆಯೇ ನೀರು ನುಗ್ಗುತ್ತದೆ. ಜೀವಕೋಶ ಊದಿ, ದುಂಡಗಾಗಿ, ಪೊರೆ ಹರಿದು ಒಡೆಯುತ್ತದೆ. ಪ್ರಯೋಗಾಲಯದಲ್ಲಿ ಕೋಳಿಯ ಯಕೃತ್ತಿನ ಜೀವಕೋಶಗಳನ್ನು ಬೆಳೆಸಿ ಅವುಗಳ ಮೇಲೆ ನೆಟ್‌ಬಿ ಹಾಕಿದರೆ ಇದೆಲ್ಲವನ್ನೂ ಮೈಕ್ರೋಸ್ಕೋಪಿನಲ್ಲಿ ನೇರವಾಗಿ ನೋಡಬಹುದು. ಕೆಂಪು ರಕ್ತಕಣಗಳ ಮೇಲೆ ಪರೀಕ್ಷಿಸಿದಾಗಲೂ ಈ ವಿಷ ಸಸ್ತನಿಗಳ ಕಣಗಳಿಗಿಂತ ಹಕ್ಕಿಗಳ ಕಣಗಳನ್ನೇ ಹೆಚ್ಚು ಒಡೆಯುತ್ತದೆ.

ಒಡೆದ ಜೀವಕೋಶದೊಳಗಿನ ಪ್ರೋಟೀನು, ಅಮೈನೋ ಆಮ್ಲಗಳು ಎಲ್ಲವೂ ಕರುಳಿನೊಳಕ್ಕೆ ಸುರಿಯುತ್ತವೆ. ಅದರಿಂದ ಯಾರಿಗೆ ಲಾಭ ಎಂದು ನೋಡಿ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಇಪ್ಪತ್ತು ಅಮೈನೋ ಆಮ್ಲಗಳಲ್ಲಿ 13ನ್ನು ಸ್ವಂತವಾಗಿ ತಯಾರಿಸಿಕೊಳ್ಳಲಾರದು, ಹೊರಗಿನಿಂದಲೇ ಪಡೆಯಬೇಕು. ಆರೋಗ್ಯವಾದ ಕರುಳಿನಲ್ಲಿ ಕೋಳಿ ಅದನ್ನೆಲ್ಲ ಬೇಗ ಹೀರಿಕೊಂಡುಬಿಡುವುದರಿಂದ ಬ್ಯಾಕ್ಟೀರಿಯಾಕ್ಕೆ ಸಿಗುವುದು ಅಷ್ಟಕ್ಕಷ್ಟೆ. ಜೀವಕೋಶ ಒಡೆದರೆ ಆಹಾರ, ಆಹಾರ ಸಿಕ್ಕರೆ ಸಂಖ್ಯೆ, ಸಂಖ್ಯೆ ಏರಿದರೆ ಇನ್ನಷ್ಟು ವಿಷ, ಮತ್ತೆ ಇನ್ನಷ್ಟು ಜೀವಕೋಶಗಳ ಸಾವು. ಈ ಸುತ್ತು ಒಮ್ಮೆ ಶುರುವಾದರೆ ಕೋಳಿಗೆ ಅದನ್ನು ನಿಲ್ಲಿಸಲು ಸಮಯ ಸಿಗುವುದಿಲ್ಲ. ಸಂಜೆ ಮೇಯುತ್ತಿದ್ದ ಕೋಳಿ ಬೆಳಿಗ್ಗೆ ಸತ್ತಿರುವುದು ಇದರಿಂದಲೇ.

ಲೆಕ್ಕವನ್ನೇ ಹಾಕಿ ನೋಡಿ. ಆರೋಗ್ಯವಾಗಿರುವ ಕೋಳಿಯ ಕರುಳಿನ ಒಂದು ಗ್ರಾಂನಲ್ಲಿ ಈ ಬ್ಯಾಕ್ಟೀರಿಯಾ ನೂರರಿಂದ ಹತ್ತು ಸಾವಿರದವರೆಗೆ ಇರಬಹುದು. ರೋಗ ಬಂದಾಗ ಅದು ಒಂದು ಕೋಟಿಯಿಂದ ನೂರು ಕೋಟಿ. ಹತ್ತು ಸಾವಿರ ಇದ್ದದ್ದು ಹತ್ತು ಕೋಟಿ ಆಗಲು ಹದಿಮೂರು ಹದಿನಾಲ್ಕು ಸಲ ಇಮ್ಮಡಿಯಾದರೆ ಸಾಕು. ಆಹಾರ ಧಾರಾಳವಾಗಿದ್ದು ಬಿಸಿ 43 ಡಿಗ್ರಿಯ ಆಸುಪಾಸು ಇದ್ದರೆ ಈ ಬ್ಯಾಕ್ಟೀರಿಯಾ ಸುಮಾರು ಹತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಕೋಳಿಯ ಮೈಬಿಸಿ 41ರಿಂದ 42 ಡಿಗ್ರಿ. ಕರುಳಿನ ಚಲನೆ ಬ್ಯಾಕ್ಟೀರಿಯಾವನ್ನು ಕೆಳಕ್ಕೆ ತಳ್ಳುತ್ತಿರುವುದರಿಂದ ನಿಜವಾದ ವೇಗ ಇಷ್ಟಿರುವುದಿಲ್ಲ, ಆದರೂ ಒಂದೇ ರಾತ್ರಿಯಲ್ಲಿ ಚಿತ್ರ ಪೂರ್ತಿ ಬದಲಾಗುವಷ್ಟು ಇದ್ದೇ ಇದೆ. ಇನ್ನೊಂದು ವಿಷಯ: ಈ ಬ್ಯಾಕ್ಟೀರಿಯಾಗಳು ರಾಸಾಯನಿಕ ಸಂಕೇತಗಳ ಮೂಲಕ ತಮ್ಮ ಸಂಖ್ಯೆ ಎಷ್ಟಿದೆ ಎಂದು ಗುರುತಿಸಿಕೊಳ್ಳುತ್ತವೆ. ಸಂಖ್ಯೆ ಕಡಿಮೆ ಇದ್ದಾಗ ನೆಟ್‌ಬಿ ತಯಾರಿ ಮಂದ, ಒಂದು ಮಟ್ಟ ದಾಟಿದ ಮೇಲೆ ಜೋರು. ನೆಟ್‌ಬಿ ಇರುವ ತಳಿಯೂ ಕಡಿಮೆ ಸಂಖ್ಯೆಯಲ್ಲಿ ಸುಮ್ಮನಿರುವುದು ಸಾಧ್ಯವಾಗುವುದು ಹೀಗೆ.

ಹಾಗಾದರೆ ಆಲ್ಫಾ ಟಾಕ್ಸಿನ್ನಿನ ಪಾತ್ರ ಏನೂ ಇಲ್ಲವೇ? ಇದೆ, ಆದರೆ ಬೇರೆ ಬಗೆಯದು. ಅದು ರಂಧ್ರ ಕೊರೆಯುವ ವಿಷವಲ್ಲ, ಕಿಣ್ವ. ಸತುವಿನ ನೆರವಿನಿಂದ ಕೆಲಸ ಮಾಡುವ ಈ ಕಿಣ್ವ ಪೊರೆಯ ಮುಖ್ಯ ಕೊಬ್ಬಾದ ಲೆಸಿಥಿನ್ನನ್ನೇ ಕತ್ತರಿಸುತ್ತದೆ. ಬ್ಯಾಕ್ಟೀರಿಯಾದ ವಿಷವೊಂದು ಕಿಣ್ವವಾಗಿ ಕೆಲಸ ಮಾಡುತ್ತದೆ ಎಂದು ಮೊಟ್ಟಮೊದಲು ತಿಳಿದದ್ದು ಇದರಿಂದಲೇ, 1941ರಲ್ಲಿ. ಲ್ಯಾಬಿನಲ್ಲಿ ಇದನ್ನು ಗುರುತಿಸುವ ರೀತಿ ತುಂಬ ಸರಳ. ಮೊಟ್ಟೆಯ ಹಳದಿ ಬೆರೆಸಿದ ಅಗಾರಿನ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯಂಥ ವಸ್ತು) ಮೇಲೆ ಬ್ಯಾಕ್ಟೀರಿಯಾ ಬೆಳೆಸುತ್ತಾರೆ. ಹಳದಿಯಲ್ಲಿ ಲೆಸಿಥಿನ್ ಹೇರಳ. ವಿಷ ಅದನ್ನು ಒಡೆದ ಕಡೆಯೆಲ್ಲ ಬ್ಯಾಕ್ಟೀರಿಯಾದ ಸುತ್ತ ಮಬ್ಬು ಬಿಳಿಯ ವೃತ್ತ ಮೂಡುತ್ತದೆ. ತಟ್ಟೆಯ ಅರ್ಧಭಾಗಕ್ಕೆ ಆ್ಯಂಟಿಟಾಕ್ಸಿನ್, ಅಂದರೆ ಈ ವಿಷವನ್ನು ತಟಸ್ಥಗೊಳಿಸುವ ವಸ್ತು, ಸವರಿದ್ದರೆ ಆ ಭಾಗದಲ್ಲಿ ವೃತ್ತ ಮೂಡುವುದಿಲ್ಲ. ಕೋಳಿಯ ಕರುಳಿನಲ್ಲಿ ಆಲ್ಫಾ ಟಾಕ್ಸಿನ್ ಪೊರೆಯ ಕೊಬ್ಬನ್ನು ಒಡೆದಾಗ ಉಳಿಯುವ ತುಣುಕುಗಳು ಉರಿಯೂತವನ್ನು ಕೆರಳಿಸುತ್ತವೆ. ಹಾಳಾದ ಜಾಗ ಇನ್ನೂ ಹಾಳಾಗುತ್ತದೆ. ತಾಯಿಕೋಳಿಗಳಿಗೆ ಆಲ್ಫಾ ಟಾಕ್ಸಿನ್ ವಿರುದ್ಧ ಲಸಿಕೆ ಕೊಟ್ಟಾಗ ಮರಿಗಳಿಗೆ ಸ್ವಲ್ಪ ಮಟ್ಟಿನ ರಕ್ಷಣೆ ಸಿಕ್ಕಿದ್ದೂ ಇದೆ. ಮುಖ್ಯ ಆರೋಪಿ ನೆಟ್‌ಬಿಯೇ ಆದರೂ ಆಲ್ಫಾವನ್ನು ಲೆಕ್ಕದಿಂದ ತೆಗೆದುಹಾಕುವುದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ಕೆಲವು ತಳಿಗಳಲ್ಲಿ ಟಿಪಿಇಎಲ್ ಎಂಬ ಮೂರನೆಯದೊಂದು ವಿಷವೂ ಇರುತ್ತದೆ. ಅದು ಜೀವಕೋಶದೊಳಗೆ ಹೋಗಿ, ಬದುಕಲು ಬೇಕಾದ ಸಂದೇಶಗಳನ್ನು ಸಾಗಿಸುವ ರಾಸ್ ಪ್ರೋಟೀನಿಗೆ ಸಕ್ಕರೆಯ ಅಣು ಅಂಟಿಸಿ ಅದನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಅಂಥ ತಳಿ ಬಂದರೆ ರೋಗ ಇನ್ನೂ ಜೋರು.

ಹಾನಿ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನೂ ತಿಳಿದುಕೊಳ್ಳಬೇಕು. ವಿಲ್ಲೈನ ತುದಿಯಿಂದ ಕೊಳೆಯುತ್ತಾ ಬರುತ್ತದೆ ಎಂದು ಅನ್ನಿಸುವುದು ಸಹಜ. ರೋಗದ ತೀರ ಆರಂಭದಲ್ಲಿ ಕೊಯ್ದು ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಕಾಣುವುದು ಬೇರೆ: ಹೊದಿಕೆಯ ಜೀವಕೋಶಗಳು ಕೂತಿರುವ ತಳಪದರವೇ ಮೊದಲು ಸಡಿಲವಾಗಿರುತ್ತದೆ. ಅಲ್ಲಿರುವ ಕೊಲಾಜೆನ್ ಎಂಬ ಆಧಾರದ ಪ್ರೋಟೀನಿಗೆ ಅಂಟಿಕೊಳ್ಳುವ ವಿಶೇಷ ಪ್ರೋಟೀನುಗಳು ರೋಗಕಾರಕ ತಳಿಗಳಲ್ಲಿ ಇರುತ್ತವೆ. ಆದರೆ ಹೊದಿಕೆ ಗಟ್ಟಿಯಾಗಿದ್ದರೆ ಕೊಲಾಜೆನ್ ಬ್ಯಾಕ್ಟೀರಿಯಾದ ಕೈಗೆ ಸಿಗುವುದೇ ಇಲ್ಲ. ಅದನ್ನು ಮೊದಲೇ ಯಾರೋ ಹರಿದಿರಬೇಕು. ಹರಿದುಕೊಡುವವರು ಯಾರು ಎಂಬುದೇ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ.

21ನೇ ದಿನವೇ ಯಾಕೆ?

ಬಹುತೇಕ ಫಾರಂಗಳಲ್ಲಿ ಈ ಕೆಲಸ ಮಾಡುವುದು ಕಾಕ್ಸಿ, ಅಂದರೆ ಐಮೀರಿಯಾ ಪರೋಪಜೀವಿ. ಅದು ಬದುಕುವುದೇ ಕರುಳಿನ ಜೀವಕೋಶದೊಳಗೆ. ಒಳಗೆ ಬೆಳೆದು, ಸಂಖ್ಯೆ ಹೆಚ್ಚಿಸಿಕೊಂಡು, ಜೀವಕೋಶವನ್ನು ಒಡೆದು ಹೊರಬರುತ್ತದೆ. ಒಡೆದ ಜಾಗದಿಂದ ರಕ್ತದ ಪ್ರೋಟೀನು ಕರುಳಿನೊಳಕ್ಕೆ ಜಿನುಗುತ್ತದೆ, ಲೋಳೆಯೂ ಹೆಚ್ಚುತ್ತದೆ. ಕ್ಲಾಸ್ಟ್ರಿಡಿಯಂಗೆ ಬೇಕಾದ ಊಟ ಮತ್ತು ಅಂಟಿಕೊಳ್ಳುವ ಜಾಗ, ಎರಡೂ ಒಟ್ಟಿಗೆ ಸಿಕ್ಕಂತಾಯಿತು. ಇದರಲ್ಲಿ ಐಮೀರಿಯಾ ಮ್ಯಾಕ್ಸಿಮಾ ಎಂಬ ಜಾತಿಯ ಮೇಲೆ ಹೆಚ್ಚು ಕಣ್ಣಿಡಬೇಕು, ಯಾಕೆಂದರೆ ಅದು ಕೂರುವುದು ಕ್ಲಾಸ್ಟ್ರಿಡಿಯಂ ಹಾನಿ ಮಾಡುವ ಸಣ್ಣ ಕರುಳಿನ ನಡುಭಾಗದಲ್ಲೇ. ಸಂಶೋಧನೆಗೆಂದು ಈ ರೋಗವನ್ನು ಬೇಕೆಂದೇ ತರಿಸುವಾಗ ಅನುಸರಿಸುವ ಒಂದು ಕ್ರಮವೇ ಹೀಗಿದೆ: 14ನೇ ದಿನ ಮ್ಯಾಕ್ಸಿಮಾ ಕೊಡುವುದು, ನಾಲ್ಕೈದು ದಿನ ಬಿಟ್ಟು ಕ್ಲಾಸ್ಟ್ರಿಡಿಯಂ ಕೊಡುವುದು. ಬರೀ ಕ್ಲಾಸ್ಟ್ರಿಡಿಯಂ ಕುಡಿಸಿದರೆ ಎಷ್ಟೋ ಸಲ ರೋಗವೇ ಬರುವುದಿಲ್ಲ. ನಿಮ್ಮ ಶೆಡ್ಡಿನಲ್ಲಿ ಮೊದಲ ವಾರ ನೆಲಕ್ಕೆ ಹಾಸಿದ ಒದ್ದೆ ಹೊಟ್ಟಿನಲ್ಲಿ ಹುಟ್ಟಿಕೊಂಡ ಕಾಕ್ಸಿ ಎರಡನೇ ವಾರ ಒಂದು ಸುತ್ತು ಮುಗಿಸಿ, ಮೂರನೇ ವಾರಕ್ಕೆ ಏರುತ್ತದೆ. ಅದರ ಬೆನ್ನಿಗೇ ಸಾವು. 21ನೇ ದಿನ ಎನ್ನುವುದು ಆಕಸ್ಮಿಕವಲ್ಲ.

ಎರಡನೆಯದು ಫೀಡು. ಮೀನಿನ ಪುಡಿ ಹೆಚ್ಚು ಇರುವ ಫೀಡಿನಲ್ಲಿ ಅರಗದೆ ಉಳಿದ ಪ್ರೋಟೀನು ಕರುಳಿನ ಕೆಳಭಾಗಕ್ಕೆ ಹೋಗುತ್ತದೆ, ಅದರಲ್ಲಿರುವ ಗ್ಲೈಸಿನ್ ಕ್ಲಾಸ್ಟ್ರಿಡಿಯಂ ಬೆಳವಣಿಗೆಗೆ ಒತ್ತು ಕೊಡುತ್ತದೆ. ಪ್ರಯೋಗದಲ್ಲಿ ರೋಗ ಬರಿಸಲು ಫೀಡಿನ ಅರ್ಧದಷ್ಟು ಮೀನಿನ ಪುಡಿಯನ್ನೇ ತಿನ್ನಿಸುತ್ತಾರೆ ಎಂದರೆ ಅದರ ಪ್ರಭಾವ ಅರ್ಥವಾದೀತು. ಗೋಧಿ, ಬಾರ್ಲಿ, ರೈ ಹೆಚ್ಚಿದ್ದರೂ ತೊಂದರೆ, ಅವುಗಳಲ್ಲಿನ ಅರಗದ ನಾರಿನಂಶದಿಂದ ಕರುಳಿನೊಳಗಿನ ದ್ರವ ಅಂಟಂಟಾಗಿ ನಿಧಾನವಾಗಿ ಸಾಗುತ್ತದೆ. ನಮ್ಮ ಕಡೆ ಮೆಕ್ಕೆಜೋಳ ಮತ್ತು ಸೋಯಾ ಫೀಡೇ ಹೆಚ್ಚಾಗಿರುವುದರಿಂದ ಈ ಅಪಾಯ ಕಡಿಮೆ. ಮೆಕ್ಕೆಜೋಳದ ಬೆಲೆ ಏರಿದಾಗ ಗೋಧಿ ಬೆರೆಸಿದರೆ ಅದಕ್ಕೆ ತಕ್ಕ ಕ್ಸೈಲನೇಸ್ ಕಿಣ್ವ ಸೇರಿಸಿದ್ದಾರೆಯೇ ಎಂದು ಫೀಡ್ ಕೊಡುವವರನ್ನು ಕೇಳಿ. ಮಳೆಗೆ ಸಿಕ್ಕ ಮೆಕ್ಕೆಜೋಳದ ಬೂಷ್ಟಿನ ವಿಷಗಳಲ್ಲಿ ಡಾನ್ ಎಂದು ಕರೆಯುವ ಒಂದು, ಕರುಳಿನ ಹೊದಿಕೆಯನ್ನೇ ದುರ್ಬಲಗೊಳಿಸಿ ಈ ರೋಗಕ್ಕೆ ದಾರಿ ಮಾಡುತ್ತದೆ. ಅಫ್ಲಾಟಾಕ್ಸಿನ್ ಎಂಬ ಇನ್ನೊಂದು ಬೂಷ್ಟಿನ ವಿಷದ ಪರೀಕ್ಷೆ ಸರಿಯಿದೆ ಎಂದ ಮಾತ್ರಕ್ಕೆ ಮೆಕ್ಕೆಜೋಳ ಸರಿಯಿದೆ ಎಂದಾಗುವುದಿಲ್ಲ.

ಗಂಬೊರೊ ರೋಗ ತಗುಲಿ ರೋಗನಿರೋಧಕ ಶಕ್ತಿ ಕುಗ್ಗಿದ್ದರೆ, ಶೆಡ್ಡಿನಲ್ಲಿ ಕೋಳಿ ಕಿಕ್ಕಿರಿದಿದ್ದರೆ, ಸ್ಟಾರ್ಟರ್ (ಮರಿಗಳ) ಫೀಡಿನಿಂದ ಫಿನಿಶರ್ (ಕೊನೆಯ ಹಂತದ) ಫೀಡಿಗೆ ಒಂದೇ ದಿನದಲ್ಲಿ ಬದಲಾಯಿಸಿದ್ದರೆ, ಇವೂ ಸೇರಿಕೊಳ್ಳುತ್ತವೆ.

ಕೊಯ್ದಾಗ ಏನು ನೋಡಬೇಕು

ರಾತ್ರಿ ಸತ್ತು ಬೆಳಿಗ್ಗೆ ಸಿಕ್ಕ ಕೋಳಿಯನ್ನು ಕೊಯ್ದು ತೀರ್ಮಾನಕ್ಕೆ ಬರಬೇಡಿ. ಸತ್ತ ಮೇಲೆ ಯಾವುದೇ ಕೋಳಿಯ ಕರುಳಲ್ಲೂ ಕ್ಲಾಸ್ಟ್ರಿಡಿಯಂ ಬೇಗ ಹೆಚ್ಚುತ್ತದೆ, ಗಾಳಿ ತುಂಬುತ್ತದೆ, ಒಳಪೊರೆ ತಾನಾಗಿಯೇ ಕಳಚುತ್ತದೆ. ಆಗ ಎಲ್ಲವೂ ನೆಕ್ರೋಟಿಕ್ ಎಂಟರೈಟಿಸ್‌ನಂತೆಯೇ ಕಾಣುತ್ತದೆ. ರೆಕ್ಕೆ ಇಳಿಬಿಟ್ಟು, ಗರಿ ಕೆದರಿ ಕೂತಿರುವ ಮೂರು ನಾಲ್ಕು ಜೀವಂತ ಕೋಳಿಯನ್ನು ಡಾಕ್ಟರ ಬಳಿಗೇ ಒಯ್ಯುವುದು ಒಳ್ಳೆಯದು.

ರೋಗ ಇರುವ ಕೋಳಿಯಲ್ಲಿ ಸಣ್ಣ ಕರುಳಿನ ನಡುಭಾಗ ಮತ್ತು ಕೊನೆಯ ಭಾಗ ಊದಿಕೊಂಡು, ಗೋಡೆ ತೆಳ್ಳಗಾಗಿ, ಮುಟ್ಟಿದರೆ ಹರಿಯುವಂತಿರುತ್ತದೆ. ಕತ್ತರಿಯಿಂದ ಉದ್ದಕ್ಕೆ ಸೀಳಿದಾಗ ಕೆಟ್ಟ ವಾಸನೆಯ ಕಂದು ದ್ರವ. ಅದನ್ನು ನೀರಿನಲ್ಲಿ ಮೆಲ್ಲಗೆ ತೊಳೆದು ಒಳಮೈ ನೋಡಿ: ಹಳದಿ ಅಥವಾ ಹಸಿರುಮಿಶ್ರಿತ ಕಂದು ಬಣ್ಣದ, ಟರ್ಕಿ ಟವೆಲ್ಲಿನ ಮೈಯಂಥ ಒರಟು ಪದರ ಅಂಟಿಕೊಂಡಿರುತ್ತದೆ. ಅದು ಸತ್ತ ವಿಲ್ಲೈ, ಫೈಬ್ರಿನ್ (ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನು) ಮತ್ತು ಬ್ಯಾಕ್ಟೀರಿಯಾ ಸೇರಿ ಆದದ್ದು. ಮೈಕ್ರೋಸ್ಕೋಪಿನಲ್ಲಿ ಸತ್ತ ಭಾಗ ಮತ್ತು ಬದುಕಿರುವ ಭಾಗದ ನಡುವೆ ಸ್ಪಷ್ಟವಾದ ಗಡಿರೇಖೆ ಕಾಣುತ್ತದೆ, ಅಲ್ಲಿ ಬಿಳಿ ರಕ್ತಕಣಗಳು ಸಾಲುಗಟ್ಟಿರುತ್ತವೆ. ಬ್ಯಾಕ್ಟೀರಿಯಾ ಪಿತ್ತನಾಳದ ಮೂಲಕ ಯಕೃತ್ತಿಗೆ ಹತ್ತಿದ್ದರೆ ಅಲ್ಲೂ ಬಿಳಿಚಿಕೆ, ಚುಕ್ಕೆಗಳು.

ಹೋಲುವ ರೋಗಗಳನ್ನು ಬೇರ್ಪಡಿಸಬೇಕು. ಬರೀ ಕಾಕ್ಸಿ ಇದ್ದರೆ ಸಾಮಾನ್ಯವಾಗಿ ಟವೆಲ್ಲಿನಂಥ ಪದರ ಇರುವುದಿಲ್ಲ. ಮ್ಯಾಕ್ಸಿಮಾದಲ್ಲಿ ಕಿತ್ತಳೆ ಬಣ್ಣದ ಲೋಳೆ, ಸಣ್ಣ ರಕ್ತಚುಕ್ಕೆ ಇರುತ್ತವೆ. ಎರಡೂ ಒಟ್ಟಿಗಿರುವುದೇ ಹೆಚ್ಚು ಎಂಬುದು ನೆನಪಿರಲಿ. ಹೊರಗಿನಿಂದಲೇ ಕಾಣುವ ಆಳದ ಹುಣ್ಣುಗಳು, ಜೊತೆಗೆ ಯಕೃತ್ತಿನಲ್ಲಿ ಹಳದಿ ಮಚ್ಚೆ ಇದ್ದರೆ ಅದು ಕ್ಲಾಸ್ಟ್ರಿಡಿಯಂ ಕೋಲಿನಮ್‌ನಿಂದ ಬರುವ ಅಲ್ಸರೇಟಿವ್ ಎಂಟರೈಟಿಸ್ ಇರಬಹುದು. ಕರುಳಿನಲ್ಲಿ ಅಲ್ಲಲ್ಲಿ ರಕ್ತಗಟ್ಟಿದ ಮಚ್ಚೆ, ಪ್ರೋವೆಂಟ್ರಿಕ್ಯುಲಸ್‌ನಲ್ಲಿ (ಗಿಜ್ಜರ್ಡಿಗೆ ಮುಂಚಿನ ಜಠರದ ಭಾಗ) ರಕ್ತಚುಕ್ಕೆ ಕಂಡರೆ ಕೊಕ್ಕರೆ (ರಾಣಿಖೇತ್) ರೋಗದ ಅನುಮಾನ ಪಡಿ.

ಲ್ಯಾಬಿಗೆ ಕಳಿಸುವುದಾದರೆ ಹಾನಿಯಾದ ಕರುಳಿನ ತುಂಡನ್ನು ಎರಡೂ ಕಡೆ ದಾರದಿಂದ ಕಟ್ಟಿ, ಐಸ್ ಮೇಲಿಟ್ಟು, ಅದೇ ದಿನ ತಲುಪಿಸಿ. ಫ್ರೀಜರಿನಲ್ಲಿ ಗಟ್ಟಿ ಮಾಡಬೇಡಿ. ಇನ್ನೊಂದು ತುಂಡು ತನ್ನ ಹತ್ತು ಪಟ್ಟು ಪ್ರಮಾಣದ, 10 ಶೇಕಡಾ ಫಾರ್ಮಲಿನ್‌ನಲ್ಲಿ ಇರಲಿ. ಬ್ಯಾಕ್ಟೀರಿಯಾ ಸಿಕ್ಕಿತು ಎನ್ನುವ ರಿಪೋರ್ಟು ಅಷ್ಟೇನೂ ಹೇಳುವುದಿಲ್ಲ, ನೆಟ್‌ಬಿ ಜೀನಿಗೆ ಪಿಸಿಆರ್ (ಜೀನ್ ಪತ್ತೆ ಮಾಡುವ ಪರೀಕ್ಷೆ) ಮಾಡುತ್ತಾರೆಯೇ ಎಂದು ಕೇಳಿ. ಕರ್ನಾಟಕದವರಾದರೆ ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ, ಇಲ್ಲವೇ ಬೆಂಗಳೂರು, ಬೀದರ್, ಹಾಸನ, ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜುಗಳಲ್ಲಿ ವಿಚಾರಿಸಬಹುದು.

ಔಷಧ, ಮತ್ತು ಅದರ ಮಿತಿ

ಕ್ಲಾಸ್ಟ್ರಿಡಿಯಂ ಗ್ರಾಂ ಪಾಸಿಟಿವ್, ಆಮ್ಲಜನಕ ಬೇಡದ ಬ್ಯಾಕ್ಟೀರಿಯಾ. ಅದಕ್ಕೆ ತಕ್ಕ ಔಷಧವೇ ಬೇಕು. ಭೇದಿ ಎಂದ ಕೂಡಲೇ ಅಂಗಡಿಯಲ್ಲಿ ಕೊಡುವ ನಿಯೋಮೈಸಿನ್, ಜೆಂಟಾಮೈಸಿನ್ ಇದರ ಮೇಲೆ ಕೆಲಸ ಮಾಡುವುದಿಲ್ಲ. ಎನ್ರೋಫ್ಲಾಕ್ಸಸಿನ್ ದುರ್ಬಲ. ಕೊಲಿಸ್ಟಿನ್‌ಗೂ ಇದಕ್ಕೂ ಸಂಬಂಧವೇ ಇಲ್ಲ, ಅಲ್ಲದೆ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಅದನ್ನು ಭಾರತದಲ್ಲಿ 2019ರಿಂದ ನಿಷೇಧಿಸಲಾಗಿದೆ. ಟೆಟ್ರಾಸೈಕ್ಲಿನ್‌ಗೆ ಈ ಬ್ಯಾಕ್ಟೀರಿಯಾದಲ್ಲಿ ನಿರೋಧಕತೆ ತೀರ ಸಾಮಾನ್ಯ. ವೈದ್ಯರು ಬರೆಯುವುದು ಹೆಚ್ಚಾಗಿ ಅಮಾಕ್ಸಿಸಿಲಿನ್, ಲಿಂಕೋಮೈಸಿನ್, ಟೈಲೋಸಿನ್ ಅಥವಾ ಬ್ಯಾಸಿಟ್ರಾಸಿನ್.

ಅಮಾಕ್ಸಿಸಿಲಿನ್ ಲೆಕ್ಕ ಹೀಗೆ. 22 ದಿನದ ಕೋಳಿ ಸುಮಾರು 900 ಗ್ರಾಂ ಎಂದಿಟ್ಟುಕೊಂಡರೆ ನಿಮ್ಮ 3,000 ಕೋಳಿಯ ಒಟ್ಟು ತೂಕ 2,700 ಕೆಜಿ. ಡಾಕ್ಟರು ಕೆಜಿಗೆ 15 ಮಿಲಿಗ್ರಾಂ ಎಂದು ಬರೆದಿದ್ದರೆ ದಿನಕ್ಕೆ 40.5 ಗ್ರಾಂ ಅಸಲು ಔಷಧ. ಪುಡಿ 70 ಶೇಕಡಾದ್ದಾಗಿದ್ದರೆ 58 ಗ್ರಾಂ, 50 ಶೇಕಡಾದ್ದಾದರೆ 81 ಗ್ರಾಂ. ಪ್ಯಾಕೆಟ್ಟಿನ ಮೇಲೆ ಅಸಲು ಔಷಧ ಎಷ್ಟು ಎಂದು ಓದದೆ ‘ಒಂದು ಪ್ಯಾಕೆಟ್ಟು’ ಎಂದು ಹಾಕುವುದರಿಂದಲೇ ಅರ್ಧ ಡೋಸಾಗುವುದು. ಈ ವಯಸ್ಸಿಗೆ ದಿನದ ನೀರು ಸುಮಾರು 450ರಿಂದ 500 ಲೀಟರ್, ಬಿಸಿಲಿನಲ್ಲಿ ಹೆಚ್ಚು. ಔಷಧವನ್ನು ಒಂದೇ ಸಲ ಕಲಸಿಡದೆ ಬೆಳಿಗ್ಗೆ ಅರ್ಧ, ಸಂಜೆ ಅರ್ಧ ಹೊಸದಾಗಿ ಕಲಸಿ, ಕಲಸಿದ ನೀರಿನಲ್ಲಿ ಅಮಾಕ್ಸಿಸಿಲಿನ್ ಬಹಳ ಹೊತ್ತು ನಿಲ್ಲುವುದಿಲ್ಲ. ಔಷಧ ಕೊಡುವಷ್ಟು ದಿನ ನೀರಿಗೆ ಕ್ಲೋರಿನ್ ಬೇಡ. ಸಾಮಾನ್ಯವಾಗಿ 3ರಿಂದ 5 ದಿನ. ಲಿಂಕೋಮೈಸಿನ್ ಆದರೆ ಲೀಟರಿಗೆ 17 ಮಿಲಿಗ್ರಾಂನಂತೆ 7 ದಿನ ಎಂಬುದು ಅಮೆರಿಕದಲ್ಲಿ ಅನುಮತಿ ಪಡೆದ ಪ್ರಮಾಣ. ಕೋರ್ಸು ಮಧ್ಯದಲ್ಲಿ ನಿಲ್ಲಿಸಬೇಡಿ. ಮಾರಾಟಕ್ಕೆ ಮುಂಚೆ ಎಷ್ಟು ದಿನ ಬಿಡಬೇಕು ಎಂದು ಲೇಬಲ್ಲಿನಲ್ಲಿ ಬರೆದಿರುವುದನ್ನು ಪಾಲಿಸಿ, ಆ ಮಾಂಸ ತಿನ್ನುವವರು ನಮ್ಮ ಮನೆಯವರೇ ಎಂದುಕೊಂಡು.

ಒಂದು ಎಚ್ಚರಿಕೆ ಮರೆಯಬೇಡಿ. ಫೀಡಿನಲ್ಲಿ ಸಲಿನೋಮೈಸಿನ್, ಮೊನೆನ್ಸಿನ್ ಅಥವಾ ನರಾಸಿನ್ ಇದ್ದಾಗ ನೀರಿನಲ್ಲಿ ಟಿಯಾಮುಲಿನ್ ಕೊಟ್ಟರೆ ಕೋಳಿಗಳು ಕಾಲು ಸೋತು ಬಿದ್ದು ಸಾಯುತ್ತವೆ. ಎರಡೂ ಒಟ್ಟಿಗೆ ಕೂಡದು.

ಔಷಧ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ ಅಷ್ಟೆ. ಈಗಾಗಲೇ ಹೊರಬಿದ್ದ ನೆಟ್‌ಬಿಯನ್ನು ಅದು ತಟಸ್ಥಗೊಳಿಸುವುದಿಲ್ಲ, ಪೊರೆಯಲ್ಲಿ ಆದ ರಂಧ್ರವನ್ನು ಮುಚ್ಚುವುದಿಲ್ಲ. ಹೀಗಾಗಿ ಔಷಧ ಶುರು ಮಾಡಿದ ಮೊದಲ ದಿನವೂ ಸಾವು ಮುಂದುವರಿದರೆ ಗಾಬರಿಯಾಗಿ ಔಷಧ ಬದಲಾಯಿಸಬೇಡಿ, 48 ಗಂಟೆಯ ಮೇಲೂ ಸಾವಿನ ಸಂಖ್ಯೆ ಇಳಿಯದಿದ್ದರೆ ಡಾಕ್ಟರನ್ನು ಮತ್ತೆ ಕರೆಸಿ. ಉಳಿದ ಕೋಳಿಯಲ್ಲಿ ವಿಲ್ಲೈನ ಬುಡದ ಜೀವಕೋಶಗಳು ಬದುಕಿದ್ದರೆ ಹೊಸ ಹೊದಿಕೆ ಬುಡದಿಂದ ತುದಿಗೆ ಬರಲು ಮೂರ್ನಾಲ್ಕು ದಿನ ಬೇಕು. ಬುಡವೇ ಸತ್ತಿದ್ದರೆ ಆ ಕೋಳಿ ಬದುಕಿದರೂ ತೂಕಕ್ಕೆ ಬರುವುದಿಲ್ಲ. ನಿಮ್ಮ ನಿಜವಾದ ನಷ್ಟ ಸತ್ತ ಕೋಳಿಗಳಿಗಿಂತ ಇಲ್ಲಿ ಹೆಚ್ಚಾಗಿರಬಹುದು. ಸಾಯದೆ, ಲಕ್ಷಣ ತೋರದೆ, ಬರೀ ಫೀಡು ತಿಂದು ತೂಕ ಕಟ್ಟದ ಕೋಳಿಗಳು ಎಫ್‌ಸಿಆರ್ (ಒಂದು ಕೆಜಿ ತೂಕಕ್ಕೆ ತಗುಲುವ ಫೀಡಿನ ಲೆಕ್ಕ) ಕೆಡಿಸುತ್ತವೆ.

ಪ್ರತಿ ಬ್ಯಾಚಿಗೂ ಮೊದಲೇ ಆ್ಯಂಟಿಬಯಾಟಿಕ್ ಹಾಕುವುದು ಬೇಡ ಎನ್ನಲು ಕಾರಣ ಇದರಲ್ಲೇ ಇದೆ. ಹರಿದ ಕರುಳು ಹಾಗೆಯೇ ಇದ್ದರೆ ಔಷಧ ನಿಲ್ಲಿಸಿದ ವಾರದಲ್ಲಿ ರೋಗ ಮರಳುತ್ತದೆ. ಕ್ಲಾಸ್ಟ್ರಿಡಿಯಂ ಸ್ಪೋರುಗಳಾಗಿ, ಅಂದರೆ ಗಟ್ಟಿ ಕವಚದ ಸುಪ್ತ ರೂಪದಲ್ಲಿ, ಹೊಟ್ಟಿನಲ್ಲೂ ನೆಲದಲ್ಲೂ ಉಳಿಯುತ್ತದೆ, ಸ್ಪೋರಿಗೆ ಆ್ಯಂಟಿಬಯಾಟಿಕ್ ತಾಗುವುದಿಲ್ಲ. ನೆಟ್‌ಬಿ ಜೀನ್ ಇರುವುದು ಪ್ಲಾಸ್ಮಿಡ್ ಎಂಬ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲ ಡಿಎನ್‌ಎ ಉಂಗುರದ ಮೇಲೆ. ಟೆಟ್ರಾಸೈಕ್ಲಿನ್ ನಿರೋಧಕತೆ ಹೊತ್ತ ಪ್ಲಾಸ್ಮಿಡ್ಡೂ ಅದೇ ಕುಟುಂಬದ್ದು. ಬೆಳವಣಿಗೆಗೆಂದು ಆ್ಯಂಟಿಬಯಾಟಿಕ್ ಹಾಕುವುದನ್ನು ಯುರೋಪ್ 2006ರ ಜನವರಿಯಿಂದ ಪೂರ್ತಿ ನಿಲ್ಲಿಸಿತು. ಅಲ್ಲಿ ಈ ರೋಗವನ್ನು ಹಿಡಿತದಲ್ಲಿಡಲು ಕಾಕ್ಸಿ, ಫೀಡು, ಹೊಟ್ಟು ಈ ಮೂರನ್ನೇ ಬಿಗಿ ಮಾಡಬೇಕಾಯಿತು.

ಮುಂದಿನ ಬ್ಯಾಚಿಗೆ ಮಾಡಬೇಕಾದದ್ದು ಅದನ್ನೇ. ಮೊದಲು ಫೀಡಿನಲ್ಲಿ ಕಾಕ್ಸಿ ಔಷಧ ಯಾವುದು, ಎಷ್ಟು ಎಂದು ತಿಳಿದುಕೊಳ್ಳಿ. ಸಲಿನೋಮೈಸಿನ್ ಆದರೆ ಟನ್ನಿಗೆ 60 ಗ್ರಾಂ, ಅಂದರೆ 12 ಶೇಕಡಾದ ಪುಡಿ 500 ಗ್ರಾಂ. ಈ ಗುಂಪಿನ ಔಷಧಗಳು ಕಾಕ್ಸಿಯ ಜೊತೆ ಕ್ಲಾಸ್ಟ್ರಿಡಿಯಂ ಅನ್ನೂ ಒಂದಿಷ್ಟು ತಡೆಯುತ್ತವೆ. ಡೈಕ್ಲಾಜುರಿಲ್, ಕ್ಲೋಪಿಡಾಲ್‌ನಂಥವು ಕಾಕ್ಸಿಯನ್ನು ಮಾತ್ರ ತಡೆಯುತ್ತವೆ, ಕ್ಲಾಸ್ಟ್ರಿಡಿಯಂಗೆ ಏನೂ ಮಾಡುವುದಿಲ್ಲ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋದ ಬ್ಯಾಚಿನಲ್ಲೇ ರೋಗ ಕಾಣಿಸಿಕೊಂಡಿದ್ದರೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಹೊಲದ ಕುದುರೆಗೋ ಟರ್ಕಿ ಕೋಳಿಗೋ ಸಲಿನೋಮೈಸಿನ್ ಇರುವ ಫೀಡು ತಪ್ಪಿಯೂ ಹಾಕಬೇಡಿ, ಅವಕ್ಕೆ ಅದು ವಿಷ.

ಹೊಟ್ಟಿನ ತೇವ 20ರಿಂದ 25 ಶೇಕಡಾ ಒಳಗಿರಲಿ. ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ ಬಿಡಿ. ಉಂಡೆಯಾಗಿ ಹಾಗೇ ಉಳಿದರೆ ಒದ್ದೆ ಜಾಸ್ತಿ, ಮೆಲ್ಲಗೆ ಬಿರುಕು ಬಿಟ್ಟು ಉದುರಿದರೆ ಸರಿ. ಇದನ್ನು ಶೆಡ್ಡಿನ ನಡುವೆ ಮಾಡಬೇಡಿ, ಡ್ರಿಂಕರ್ ಸಾಲಿನ ಕೆಳಗೆ ಮಾಡಿ. ಕಾಕ್ಸಿಯ ಮೊಟ್ಟೆ ಪಕ್ವವಾಗಿ ಸೋಂಕು ತರುವಂತಾಗಲು ತೇವ ಮತ್ತು 25ರಿಂದ 30 ಡಿಗ್ರಿ ಬಿಸಿ ಇದ್ದರೆ ಒಂದೆರಡು ದಿನ ಸಾಕು, ಆ ಜಾಗ ಸಿಗುವುದು ಸೋರುವ ನಿಪ್ಪಲ್ಲಿನ ಕೆಳಗೇ. 10ನೇ ದಿನದಿಂದ 18ನೇ ದಿನದವರೆಗೆ ದಿನಾ ಹೊಟ್ಟು ಕೆದಕಿ, ಒದ್ದೆಯದನ್ನು ತೆಗೆದು ಒಣ ಹೊಟ್ಟು ಹಾಕಿ. ಒಂದು ಕೋಳಿಗೆ ಒಂದು ಚದರ ಅಡಿಗಿಂತ ಕಡಿಮೆ ಜಾಗ ಬೇಡ. ಫೀಡು ಬದಲಾಯಿಸುವಾಗ ಮೂರು ದಿನ ಹಳೆಯದು ಹೊಸದು ಬೆರೆಸಿ ಕೊಡಿ. ಮೀನಿನ ಪುಡಿ ಬಿಡುವುದೇ ಒಳ್ಳೆಯದು. ಬ್ಯಾಸಿಲಸ್ ಪ್ರೋಬಯಾಟಿಕ್, ಬ್ಯುಟಿರೇಟ್ ಇವೆಲ್ಲ ಸ್ವಲ್ಪ ನೆರವಾಗುತ್ತವೆ. ಕಾಕ್ಸಿ ಹಿಡಿತದಲ್ಲಿಲ್ಲದ ಶೆಡ್ಡಿನಲ್ಲಿ ಅವುಗಳಿಗೆ ಕೊಟ್ಟ ದುಡ್ಡು ವ್ಯರ್ಥ.

ಈ ಬ್ಯಾಚು ಖಾಲಿಯಾದ ಮೇಲೆ ಹಳೇ ಹೊಟ್ಟನ್ನು ಪೂರ್ತಿ ಹೊರಹಾಕಿ, ಮರುಬಳಕೆ ಬೇಡ. ಸತ್ತ ಕೋಳಿಯನ್ನು ನಾಯಿಗೋ ಮೀನಿನ ಕೆರೆಗೋ ಎಸೆಯದೆ ಸುಣ್ಣ ಹಾಕಿ ಆಳದ ಗುಂಡಿಯಲ್ಲಿ ಹೂಳಿ. ನೆಲ ಮಣ್ಣಿನದ್ದಾಗಿದ್ದರೆ ಕೆರೆದು, ಸಾವಿರ ಚದರ ಅಡಿಗೆ ಸುಮಾರು 27 ಕೆಜಿಯಂತೆ ಕಲ್ಲುಪ್ಪು ಸಮನಾಗಿ ಎರಚಿ, ಅದರ ಮೇಲೆ ಎರಡು ಮೂರು ಅಂಗುಲ ಹೊಸ ಹೊಟ್ಟು ಹರಡಿ. ಮರಿ ಬಿಡುವ ಮುಂಚೆ ನಿಪ್ಪಲ್ ಒಂದೊಂದನ್ನೂ ಕೈಯಿಂದ ಒತ್ತಿ ಸೋರುತ್ತದೆಯೇ ನೋಡಿ. 17 ಅಥವಾ 18ನೇ ದಿನ ಚೆನ್ನಾಗಿ ಕಾಣುವ ಎರಡು ಮೂರು ಕೋಳಿಯನ್ನು ಡಾಕ್ಟರ ಕೈಯಲ್ಲಿ ಕೊಯ್ಸಿ, ಕರುಳಿನ ನಡುಭಾಗವನ್ನು ಕೆರೆದು ಕಾಕ್ಸಿಗೆ ಪರೀಕ್ಷೆ ಮಾಡಿಸಿ. ಅಲ್ಲಿ ಮ್ಯಾಕ್ಸಿಮಾ ಸಿಕ್ಕರೆ ಕಾಕ್ಸಿಗೆ ಆಗಲೇ ಚಿಕಿತ್ಸೆ ಕೊಡಲು ನಿಮಗೆ ಇನ್ನೂ ಮೂರು ನಾಲ್ಕು ದಿನ ಇರುತ್ತದೆ.